ಮೂರು ತೂತಿನ ಕುಡಿಕೆ

ಯೋಗಾನಂದನನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ ಹಾಲಿನವನು ಬಂದ, ನಲ್ಲಿಯಲ್ಲಿ ನೀರೂ ಬಂತು. ನನಗೆ ನೀರು ಚಿಮುಕಿಸುವವನು ಮಾತ್ರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಸುಧಾಮಣಿ ಬಂದಳು. ಅವನಂತೆಯೇ ಬೆರಳು ಅದ್ದಿ ಚಿಮುಕಿಸಿದಳು. ಅಳಲಿಲ್ಲ.

ನಾನು ಒಂದು ಮಣ್ಣಿನ ಕುಡಿಕೆ. ಕುಂಬಾರರ ಚೌಡಮ್ಮ ನನ್ನನ್ನು ಅಂಗನವಾಡಿಗೆಂದು ಮಾಡಿದಳು. ನೀರು ಬಸಿಯಲಿ ಎಂದು ತಳದಲ್ಲಿ ಮೂರು ತೂತು ಕೊರೆದಳು. ಯೋಗಾನಂದ ಅಂಚೆ ಹಂಚುವವನು. ಶನಿವಾರ ಮಧ್ಯಾಹ್ನ ಅಂಗನವಾಡಿಗೆ ಬಂದು ಮಕ್ಕಳ ಕೈಯಲ್ಲಿ ಮಣ್ಣು ಕಲಸಿಸುತ್ತಿದ್ದ, ಸೊಪ್ಪು ಬಿಡಿಸಿ ಮೂಸಿಸುತ್ತಿದ್ದ. ನನ್ನೊಳಗೆ ಅವರಿಂದ ಮೆಂತ್ಯ ಬಿತ್ತಿಸಿದ. ರಜೆ ಬಂತು. "ಒಣಗೋಗ್ತದೆ ಟೀಚರ್, ಹದಿನೈದು ದಿನ ನಂಗ್ ಕೊಡಿ" ಎಂದು ಕೇಳಿ ಮನೆಗೆ ತಂದ. ಮೂರನೆಯ ದಿನ ಬಚ್ಚಲಲ್ಲಿ ಕುಸಿದ.

ಅವನ ಚಿತೆಯ ಸುತ್ತ ಹೊತ್ತು ತಿರುಗಿದ ನೀರಿನ ಮಡಕೆಗೂ ಸುತ್ತಿಗೊಂದರಂತೆ ಮೂರು ತೂತು ಹೊಡೆದಿದ್ದರಂತೆ. ಆಮೇಲೆ ಅದನ್ನು ಒಡೆದರಂತೆ. ಅವನ ತಾಯಿ ಕೆಂಪಮ್ಮ ನನ್ನನ್ನು ಎತ್ತಿ ತಳ ನೋಡಿ ತಟ್ಟನೆ ಕೆಳಗಿಟ್ಟರು.

"ಇದೂ ಮೂರು ತೂತಿಂದೇ ಕಣವ್ವ! ಇನ್ನ್ಯಾರನ್ನ ಕರೀತದೋ. ಹನ್ನೊಂದನೇ ದಿನದೊಳಗೆ ಒಡೆದಾಕು."

"ಅದು ನಮ್ದಲ್ಲ ಅತ್ತೆ. ಕೇಳಿ ತಂದಿದ್ದು."

ನನ್ನನ್ನಿಟ್ಟಿದ್ದ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಅವನನ್ನು ಮಲಗಿಸಿದ್ದ ಜಾಗದಲ್ಲೊಂದು ದೀಪ ಉರಿಯುತ್ತಿತ್ತು. ನನ್ನ ಮೊಳಕೆಗಳೆಲ್ಲ ಅತ್ತ ಬಾಗಿದವು. ಸುಧಾಮಣಿ ನನ್ನನ್ನು ಗೋಡೆಗೆ ತಿರುಗಿಸಿಟ್ಟಳು. ಸಂಜೆಗೆ ಮತ್ತೆ ಅತ್ತಲೇ. ಎಣ್ಣೆ ತೀರಿ ದೀಪ ಆರಿದ ದಿನವೂ ಅತ್ತಲೇ. ಕೆಂಪಮ್ಮ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟರು.

ಹನ್ನೆರಡನೆಯ ದಿನ ಬೆಳಿಗ್ಗೆ ಅತ್ತೆ ಒನಕೆ ಹಿಡಿದು ಬರುವ ಮುನ್ನವೇ ಸುಧಾಮಣಿ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗನವಾಡಿಗೆ ಹೊರಟಳು.

"ನೀವ್ಯಾಕಮ್ಮ ಬರೋಕೋದ್ರಿ? ಹೇಳಿದ್ರೆ ನಾನೇ ಬರ್ತಿದ್ದೆ" ಎಂದರು ಟೀಚರ್.

"ಅವ್ರು ಹದಿನೈದು ದಿನ ಅಂದಿದ್ರು. ಇವತ್ತಿಗೆ ಹದಿನೈದು."

ನಾಲ್ಕು ವರ್ಷದ ಮೋನಿಷಾ ಬಗ್ಗಿ ನೋಡಿದಳು. "ಎಲ್ಲಾ ಒಂದೇ ಕಡೆ ನೋಡ್ತಾವೆ. ಅಲ್ಲಿ ಯಾರಿದ್ರು ಆಂಟಿ?"

ಸುಧಾಮಣಿ ಮೊಳಕೆಗಳನ್ನು ಬೆರಳಿಂದ ಸವರಿದಳು. "ಬೆಳಕಿತ್ತು ಪುಟ್ಟಿ."

"ಹಂಗಾದ್ರೆ ತಿರುಗಿಸ್ಬೇಕು. ಅಂಕಲ್ ಹೇಳ್ಕೊಟ್ಟವ್ರೆ." ಮೋನಿಷಾ ನನ್ನನ್ನು ಕಿಟಕಿಗೆ ತಿರುಗಿಸಿದಳು. ಸುಧಾಮಣಿಯ ಕಣ್ಣಿಂದ ಮೊದಲ ಹನಿ ನನ್ನ ಮಣ್ಣಿಗೆ ಬಿತ್ತು.

ಆ ಸೊಪ್ಪನ್ನು ಮಕ್ಕಳು ಕೈಯಾರೆ ಬಿಡಿಸಿ, ಬೇಳೆಗೆ ಹಾಕಿಸಿಕೊಂಡು ಉಂಡರು. ಈಗ ನನ್ನ ಅಂಚು ಮುಕ್ಕಾಗಿದೆ. ಪ್ರತಿ ಬಿತ್ತನೆಯಲ್ಲೂ ಒಂದು ಮೊಳಕೆ ಕಿಟಕಿಗೆ ಬೆನ್ನು ಹಾಕಿ, ಯೋಗಾನಂದನ ಮನೆಯತ್ತ ಬಾಗುತ್ತದೆ. ಅದನ್ನು ಮಾತ್ರ ಮಕ್ಕಳು ಕೀಳುವುದಿಲ್ಲ.