ಹಾಲ್ಯಾ ಅಂದರೆ ಯಾರು

ಬಾಗಿಲಿಗೆ ಅಂಟಿಸಿದ ಹಾಳೆಯ ಕೆಳಮೂಲೆ ಮಡಚಿಕೊಂಡಿದೆ, ಟೇಪು ಬಿಟ್ಟಿರಬೇಕು, ಹೀಟರಿನ ಗಾಳಿಗೆ ಎದ್ದು ಎದ್ದು ಬೀಳುತ್ತಿದೆ, ಒತ್ತಿ ಸರಿಮಾಡಲೇ ಎಂದು ಲೋರೈನ್ ಬೆರಳು ಚಾಚಿ ಹಿಂದಕ್ಕೆಳೆದುಕೊಂಡಳು — ಯಾರಾದರೂ ನೋಡುತ್ತಿದ್ದರೆ, ಇವತ್ತು ಇಲ್ಲಿ ಎಲ್ಲರೂ ನೋಡುವವರೇ — ಓದು, ಮೊದಲು ಓದು. ನಿಮ್ಮನ್ನು ನಂಬಿದ ಒಬ್ಬ ವ್ಯಕ್ತಿಯ ಬಗ್ಗೆ ಹೇಳಿ. ಅಷ್ಟೇ, ಒಂದೇ ಸಾಲು. ಎರಡು ನಿಮಿಷ ಹೊರಗೆ ನಿಂತು ಯೋಚಿಸಬೇಕು, ಗಂಟೆ ಹೊಡೆದರೆ ಒಳಗೆ ಹೋಗಬೇಕು, ಒಳಗೊಬ್ಬರು ಮುಖದ ಮೇಲೆ ಏನನ್ನೂ ತೋರಗೊಡದೆ ಕೂತಿರುತ್ತಾರೆ, ಮತ್ತೆ ಗಂಟೆ, ಮತ್ತೆ ಮುಂದಿನ ಬಾಗಿಲು, ವೈದ್ಯಕೀಯ ಕಾಲೇಜಿಗೆ ಮನುಷ್ಯರನ್ನು ಆರಿಸುವುದು ಹೀಗೆ, ಕಾರಿಡಾರಿನುದ್ದಕ್ಕೂ ಬಾಗಿಲಿಗೊಬ್ಬರಂತೆ ಸೂಟು ತೊಟ್ಟು ಮುಖ ಆ ಕಡೆ ಮಾಡಿ ನಿಂತಿದ್ದಾರೆ, ಮೇಷ್ಟ್ರು ಶಿಕ್ಷೆಗೆ ನಿಲ್ಲಿಸಿದ ಹಾಗೆ. ಪಕ್ಕದ ಬಾಗಿಲಿನ ನೀಲಿ ಸೂಟಿನವನ ತುಟಿ ಅಲ್ಲಾಡುತ್ತಿದೆ, ಪಾಠ ಒಪ್ಪಿಸಿಕೊಳ್ಳುತ್ತಿದ್ದಾನೆ, ಬೆಳಿಗ್ಗೆ ಕಾಫಿ ಹತ್ತಿರ ಸಿಕ್ಕಿದ್ದ, ನಿಂದು ಎಷ್ಟನೇ ಸಲ, ಎರಡನೇದು, ಅಯ್ಯೋ ನೀನಿನ್ನೂ ಹೊಸಬಳು, ನಂದು ನಾಲ್ಕನೇದು, ಇನ್ನೊಂದ್ಸಲ ಬಂದ್ರೆ ಈ ಕಟ್ಟಡಕ್ಕೆ ಬಾಡಿಗೆ ಕೇಳ್ತಾರೆ ನನ್ನ. ನಕ್ಕಿದ್ದಳು. ಈಗ ನಗು ಬರುತ್ತಿಲ್ಲ, ಕಾಲ್ಬೆರಳು ಇನ್ನೂ ಮರಗಟ್ಟಿವೆ, ಹೊರಗೆ ಕಣ್ಣಿನ ರೆಪ್ಪೆ ಅಂಟಿಕೊಳ್ಳುವ ಚಳಿ, ಎಂಜಿನ್ ಹೆಪ್ಪುಗಟ್ಟದಿರಲೆಂದು ರಾತ್ರಿಯೆಲ್ಲ ಕರೆಂಟಿನ ತಂತಿ ಚುಚ್ಚಿಟ್ಟಿದ್ದರೂ ಅಮ್ಮನ ಕಾರು ಮೂರು ಸಲ ಗೊರಕೆ ಹೊಡೆದು ಆಮೇಲೆ ಎದ್ದಿತು. ನಂಬಿದ ಒಬ್ಬ ವ್ಯಕ್ತಿ. ಸುಲಭ, ಇದಕ್ಕೇ ಅಲ್ಲವೇ ಇಡೀ ವರ್ಷ ತಯಾರಾದದ್ದು, ಕಥೆ ಸಿದ್ಧವಾಗಿದೆ, ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಾ ಗೊತ್ತು, ಮತ್ತೆ ಯಾಕೆ ಹಾಳೆಯ ಆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಾಳೆ.

ಹೋದ ವರ್ಷ ಬೇಡ ಅಂದವರು ಕಾರಣ ಹೇಳಲಿಲ್ಲ, ಕಾರಣ ಹೇಳಿದ್ದು ವಿಶ್ವವಿದ್ಯಾಲಯದ ಸಲಹೆಗಾರ್ತಿ, ಅರ್ಜಿಯ ಪುಟ ಹಿಂದೆಮುಂದೆ ಮಾಡಿ, ನೋಡು ಲೋರೈನ್, ಇದರಲ್ಲಿ ಅಂಕ ಇದೆ, ಮನುಷ್ಯರಿಲ್ಲ. ಸರಿ, ಮನುಷ್ಯರನ್ನು ಕೂಡಿಹಾಕಲು ಹೊರಟಳು, ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆಯುತ್ತಲೇ, ಶನಿವಾರ ನಿರಾಶ್ರಿತರಿಗೆ ಸೂಪ್ ಹಂಚುತ್ತಲೇ, ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಸೇರಿದಳು, ಮೈ ತೊಳೆಸುವುದು, ಮಗ್ಗುಲು ಬದಲಿಸುವುದು, ಉಣ್ಣಿಸುವುದು. ಅಮ್ಮ ಮೂಲಂಗಿ ಹೆಚ್ಚುತ್ತಾ ಗೇಲಿ ಮಾಡಿದ್ದಳು, ಸಮುದ್ರದಾಚೆ ನಮ್ಮೂರು ಇಲೋಯಿಲೋದಲ್ಲಿ ನಿಮ್ಮಜ್ಜಿ ಊರಿನ ಅರ್ಧ ಮಕ್ಕಳ ಮುಖ ತೊಳೆಸಿದಾಳೆ ಕಣೇ, ಅವಳನ್ನ ಯಾವ ಕಾಲೇಜಿನೋರೂ ಕರೀಲಿಲ್ಲ. ಅಮ್ಮ ಮಾರಿಫೆ, ದೊಡ್ಡಾಸ್ಪತ್ರೆಯ ನರ್ಸು, ಡ್ಯೂಟಿ ಮುಗಿಸಿ ಬಂದು ಸಾಕ್ಸೂ ಬಿಚ್ಚದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಓದುವ ಕನ್ನಡಕ ಏರಿಸಿಕೊಂಡರೆ ಸಂದರ್ಶಕಿ, ಇಳಿಸಿದರೆ ಅಮ್ಮ. ಹೂಂ, ಶುರು ಮಾಡು, ನಿನ್ನ ನಂಬಿದೋರು ಯಾರು? ವೃದ್ಧಾಶ್ರಮದಲ್ಲಿ ಪೆಟ್ರೋ ಕೊವಾಲ್ ಎನ್ನುವ ಮುದುಕರು, ಶುರು ಮಾಡಿದಳು ಲೋರೈನ್, ನೆನಪು ಕಳೆದುಕೊಂಡವರು, ಊಟ ಅಂದರೆ ಬಾಯಿ ಹೊಲಿದ ಹಾಗೆ ಬಿಗಿದುಬಿಡುತ್ತಿದ್ದರು, ಎಲ್ಲರೂ ಕೈಚೆಲ್ಲಿದ್ದರು, ಮೈ ಇಳಿದು ಇಳಿದು ಉಂಗುರ ಬೆರಳಲ್ಲಿ ನಿಲ್ಲುತ್ತಿರಲಿಲ್ಲ, ಒಂದು ಸಂಜೆ ನನ್ನ ಮುಖ ನೋಡಿ — ಇಲ್ಲಿ ತಡೆಯಬೇಕು — ಹಾಲ್ಯಾ? ಅಂದರು. ಹಾಲ್ಯಾ ಅವರ ಮಗಳು. ನಾನು ಹೂಂ ಅಪ್ಪಾ ಅಂದೆ. ಬಾಯಿ ತೆರೆದರು. ಅಂದಿನಿಂದ ಲೋರೈನ್ ಡ್ಯೂಟಿಯಲ್ಲಿದ್ದರೆ ತಟ್ಟೆ ಖಾಲಿ, ಮೇಲ್ವಿಚಾರಕಿ ಶಿಫಾರಸಿನಲ್ಲಿ ಅದನ್ನೇ ಬರೆದಿದ್ದಾಳೆ, ಕರುಣೆ, ಸಮಯಸ್ಫೂರ್ತಿ, ಇನ್ನೂ ಏನೇನೋ. ಚೆನ್ನಾಗಿದೆ, ಕಣ್ಣಲ್ಲಿ ನೀರು ಬರೋ ಹಾಗಿದೆ, ಅಂದಳು ಸಂದರ್ಶಕಿ, ಆಮೇಲೇನಾಯ್ತು? ಆಮೇಲೇನಿಲ್ಲ, ಅಷ್ಟೇ. ಕನ್ನಡಕದ ಮೇಲಿನಿಂದ ನೋಡಿದಳು. ಅಷ್ಟೇನಾ?

ಅಷ್ಟೇ ಅಲ್ಲ. ಜನವರಿಯಲ್ಲಿ, ಅವರ ಹಳೆಯ ಪಂಚಾಂಗದ ಕ್ರಿಸ್ಮಸ್ಸಿಗೆ, ನಿಜವಾದ ಹಾಲ್ಯಾ ಬಂದಳು, ಅರವತ್ತು ದಾಟಿದ ಹೆಂಗಸು, ಮಂಡಿ ಆಪರೇಷನ್ನಾಗಿ ಬೇಸಿಗೆಯಿಂದ ಬರಲಾಗಿರಲಿಲ್ಲವಂತೆ, ಊರುಗೋಲು ಊರಿಕೊಂಡು, ಬೀಟ್‌ರೂಟಿನ ಸೂಪನ್ನು ಮನೆಯಲ್ಲೇ ಕಾಯಿಸಿ, ಅಪ್ಪನ ಗಂಟಲಿಗೆ ಸಿಕ್ಕಬಾರದೆಂದು ಸೋಸಿ, ಫ್ಲಾಸ್ಕಿನಲ್ಲಿ ತುಂಬಿ, ಆ ಹಿಮದಲ್ಲಿ ದೂರದ ಊರು ಡಾಫಿನ್‌ನಿಂದ ತಾನೇ ಕಾರು ಓಡಿಸಿಕೊಂಡು. ಅಪ್ಪಾ, ನಾನಪ್ಪಾ, ಹಾಲ್ಯಾ. ಚಮಚ ತುಟಿಯ ಹತ್ತಿರ ಹೋಯಿತು. ಬಾಯಿ ಬಿಗಿಯಿತು. ಬಾಗಿಲಲ್ಲಿ ಟವೆಲ್ಲು ಹಿಡಿದು ನಿಂತ ಲೋರೈನಳನ್ನು ಮುದುಕರು ನೋಡಿದರು, ಮುಖ ಅರಳಿತು, ಹಾಲ್ಯಾ, ಈ ಹೆಂಗಸಿಗೆ ಹೇಳಮ್ಮ, ನಂದು ಊಟ ಆಯ್ತು ಅಂತ. ಆ ಹೆಂಗಸು ತಿರುಗಿದಳು, ಚಮಚ ಹಾಗೇ ಗಾಳಿಯಲ್ಲಿ, ಅಂಚಿನಲ್ಲಿ ಕೆಂಪು ಹನಿ. ಯಾರನ್ನ ಕರೀತಿದಾರೆ ಇವರು? ಲೋರೈನ್ ಏನಂದಳು? ಒಂದೊಂದ್ಸಲ ಅವರಿಗೆ ಗೊಂದಲ ಆಗುತ್ತೆ ಮೇಡಂ, ಅಂದಳು, ಟವೆಲ್ಲು ಮಡಿಸಿದಳು, ಮಡಿಸಿದ್ದನ್ನೇ ಮತ್ತೆ ಮಡಿಸಿದಳು. ಇದನ್ನು ಕೇಳಿ ಅಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನಾನೂ ಎಷ್ಟೋ ರೋಗಿಗಳಿಗೆ ಹೂಂ ಅಂದಿದೀನಿ ಮಗಳೇ, ಮಗ ಬಂದ ಅಂದಿದೀನಿ, ಗಂಡ ಹೊರಗೆ ಕೂತಿದಾನೆ ಅಂದಿದೀನಿ, ಆದ್ರೆ ಅದನ್ನ ತೋರಿಸಿ ಎಲ್ಲೂ ಸೀಟು ಕೇಳಿಲ್ಲ. ಹಾಗಾದ್ರೆ ಏನು ಹೇಳ್ಲಿ ನಾನು? ಹೇಳೋದಾದ್ರೆ ಪೂರ್ತಿ ಹೇಳು, ಇಲ್ದಿದ್ರೆ ಸೂಪ್ ಹಂಚಿದ ಕಥೆ ಹೇಳು. ಪೂರ್ತಿ ಹೇಳಿದ್ರೆ ತಗೊಳಲ್ಲಮ್ಮಾ, ಈ ಸಲಾನೂ ತಗೊಳಲ್ಲ, ಮತ್ತೊಂದು ವರ್ಷ ನಂಗಾಗಲ್ಲ. ಅಮ್ಮ ಎದ್ದು ಒಲೆ ಆರಿಸಿದಳು, ನಂಗೇನ್ ಗೊತ್ತು, ನಾನು ಡಾಕ್ಟರಾ? — ಬಾಗಿಲ ಹಾಳೆಯ ಮೂಲೆ ಏಳುತ್ತದೆ, ಬೀಳುತ್ತದೆ, ಎಷ್ಟು ಹೊತ್ತಾಯಿತು, ಸೂಪಿನದೇ ಹೇಳಿಬಿಡೋಣ, ಶನಿವಾರ, ಸಾಲಿನಲ್ಲಿ ಒಬ್ಬ, ಅವನ ಹೆಸರೇನು, ಹೆಸರು ಕೇಳಿರಲೇ ಇಲ್ಲ, ಅವನು ಬಟ್ಟಲು ಚಾಚಿದ, ಇವಳು ಸೌಟು ಎತ್ತಿದಳು, ಸೌಟಿನಲ್ಲಿ ಕೆಂಪು — ಅಲ್ಲ, ಅದಲ್ಲ, ಕೊವಾಲರದೇ ಸರಿ, ಬಾಯಿ ತೆರೆದರು ಎನ್ನುವಲ್ಲಿಗೆ ನಿಲ್ಲಿಸಿದರಾಯಿತು, ಯಾರಿಗೆ ಗೊತ್ತಾಗುತ್ತದೆ, ಆ ಹೆಂಗಸು ಇಲ್ಲೇನು ಬರುವುದಿಲ್ಲ, ಹಿಮದಲ್ಲಿ ಅದೇ ದಾರಿಯಲ್ಲಿ ವಾಪಸು ಹೋದಳು, ಫ್ಲಾಸ್ಕು ತುಂಬಿದ್ದ ಹಾಗೇ — ಗಂಟೆ. ನೀಲಿ ಸೂಟು ಒಳಗೆ ಹೋಯಿತು. ಹಿಡಿ ತಣ್ಣಗಿದೆ, ಬಾಗಿಲು ಹಗುರ, ಒಳಗೆ ಒಬ್ಬ ಹೆಂಗಸು, ಕೂದಲು ನರೆತಿದೆ, ಮುಖದಲ್ಲಿ ಏನೂ ಇಲ್ಲ, ಬನ್ನಿ, ಕೂತ್ಕೊಳ್ಳಿ, ಯಾರ ಬಗ್ಗೆ ಹೇಳ್ತೀರಿ? ಒಬ್ಬರು ಮುದುಕರಿದ್ದಾರೆ, ಅಂದಳು ಲೋರೈನ್, ತಯಾರಿಯಲ್ಲಿದ್ದ ಮೊದಲ ಸಾಲೇ ಅದು, ಎರಡನೆಯ ಸಾಲು ನಾಲಗೆಯ ತುದಿಯಲ್ಲಿತ್ತು, ಬಂದದ್ದು ಬೇರೆ, ಅವರಿಗೆ ಒಬ್ಬ ಮಗಳಿದ್ದಾಳೆ, ಹಾಲ್ಯಾ ಅಂತ, ಅದು ನಾನಲ್ಲ — ಹೆಂಗಸು ಕಾಯುತ್ತಿದ್ದಾಳೆ, ಮುಚ್ಚಿದ ಬಾಯಿಯ ಮುಂದೆ ಚಮಚ, ಚಮಚದ ಅಂಚಿನಲ್ಲಿ ಕೆಂಪು ಹನಿ, ದಪ್ಪವಾಗುತ್ತಿದೆ, ಬೀಳುತ್ತಿಲ್ಲ