ಗೋಲಿ ಓಡಿದ ಕಡೆ

ಮಗಳು ಶವಪೆಟ್ಟಿಗೆಯಲ್ಲಿದ್ದ ಅಪ್ಪನ ಬಲ ಮುಷ್ಟಿಯನ್ನು ಬಿಡಿಸಲು ನೋಡುತ್ತಿದ್ದಳು. ಬೆರಳುಗಳು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಬಿಡೇ, ಅದು ಅವನ ಜೊತೆಗೇ ಹೋಗ್ಲಿ," ಎಂದರು ಅತ್ತೆ, ಅಪ್ಪನ ಅಕ್ಕ. "ಕಟ್ಕೊಂಡೋಳ ಕೈನೂ ಇಷ್ಟು ಬಿಗಿಯಾಗಿ ಹಿಡೀಲಿಲ್ಲ."

ಮುಷ್ಟಿಯೊಳಗೆ ಗಾಜಿನ ಗೋಲಿ ಇತ್ತು. ಕಟ್ಟಡದ ಕೆಲಸ ನಡೆಯುವಲ್ಲಿ ಎಲ್ಲಿ ಎಷ್ಟು ಅಪಾಯವಿದೆ ಎಂದು ಅಳೆಯುವುದು ಅಪ್ಪನ ಉದ್ಯೋಗ. ಉಪಕರಣಗಳಿಗೇನೂ ಕೊರತೆಯಿರಲಿಲ್ಲ, ಆದರೂ ಮೊದಲು ನೆಲಕ್ಕೆ ಗೋಲಿ ಬಿಡುತ್ತಿದ್ದರು. ಅದು ಉರುಳುವುದನ್ನು ನೋಡಿ ಒಂದೇ ಮಾತು: ಹಸಿರು, ಹಳದಿ, ಇಲ್ಲವೇ ಕೆಂಪು. ಕೆಂಪು ಅಂದರೆ ಎಲ್ಲರೂ ಕೆಳಗಿಳಿಯಬೇಕು. ಕೆಲಸಗಾರರ ಬಾಯಲ್ಲಿ ಅವರು ಗೋಲಿ ಮೇಷ್ಟ್ರು.

ಮೂರನೆಯ ಮಹಡಿಯ ಮನೆ ಚಿಕ್ಕದು. ಬಂದವರಲ್ಲಿ ಅರ್ಧ ಜನ, ಅಣ್ಣ ಹೊಸದಾಗಿ ಚಾಚಿ ಕಟ್ಟಿಸಿದ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಮುದುಕನೊಬ್ಬ ಮಾತ್ರ ಬಾಲ್ಕನಿಯ ಹೊಸ್ತಿಲು ದಾಟಲಿಲ್ಲ.

"ಬನ್ನಿ, ಕೂತ್ಕೊಳ್ಳಿ," ಎಂದ ಅಣ್ಣ.

"ಇದಕ್ಕೆ ಮೇಷ್ಟ್ರು ಯಾವ ಬಣ್ಣ ಹೇಳಿದ್ರು?"

ಅಣ್ಣ ಕೇಳಿಸದವನಂತೆ ಆಚೆ ಹೋದ.

*

ಹೋದ ತಿಂಗಳು ಅಪ್ಪ ಆ ಬಾಲ್ಕನಿಯಲ್ಲಿ ಗೋಲಿ ಬಿಟ್ಟಿದ್ದರು.

"ಕೆಂಪು."

"ನೀರು ಹೋಗ್ಲಿ ಅಂತ ಇಳಿಜಾರು ಕೊಟ್ಟಿದೀನಿ ಅಪ್ಪಾ. ನಿಮಗೆ ಹಾಸಿಗೆ ಮೇಲೂ ಅಪಾಯವೇ ಕಾಣುತ್ತೆ."

"ನೀರು ಹೋಗೋ ಕೊಳವೆ ಗೋಡೆ ಕಡೆ ಇದೆ. ಕಟ್ಟಿದಾಗ ಗೋಲಿ ಅತ್ಲಾಗೆ ಹೋಗ್ತಿತ್ತು. ಈಗ ಬೀದಿ ಕಡೆ ಹೋಗ್ತಿದೆ."

ಅಂದಿನಿಂದ ಅಪ್ಪ ಮಗ ಮಾತು ಬಿಟ್ಟರು. ಹಾಸಿಗೆ ಹಿಡಿದ ಮೇಲೂ ಅಪ್ಪ ಬಾಲ್ಕನಿಯ ಬಾಗಿಲಿನತ್ತಲೇ ಮುಖ ಮಾಡಿ ಮಲಗುತ್ತಿದ್ದರು. ಕೊನೆಗೆ ಮಗಳ ಹತ್ತಿರ ಆಡಿದ್ದು ಒಂದೇ ಮಾತು: "ಇಳಿಸು ಅವರನ್ನ."

ಆಗ ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ.

*

ಬಾಲ್ಕನಿಯ ಕಡೆಯಿಂದ, ಗಾಜು ನೆಲಕ್ಕೆ ತಾಕಿದ ಟಕ್ ಸದ್ದು. ಆಮೇಲೆ ಉದ್ದಕ್ಕೆ ಗರಗರ.

ಮಗಳು ಮುಷ್ಟಿಯನ್ನು ನೋಡಿದಳು. ಮುಚ್ಚಿಯೇ ಇತ್ತು. ಹೊಸ್ತಿಲಲ್ಲಿದ್ದ ಮುದುಕ ತಲೆಯೆತ್ತಿ ಅವಳನ್ನೇ ನೋಡಿದ. ಅವನಿಗೂ ಕೇಳಿಸಿತ್ತು. ಮೆಟ್ಟಿಲಿಳಿದು ಹೋದ.

ಅವಳು ಬಾಲ್ಕನಿಯತ್ತ ಒಂದು ಹೆಜ್ಜೆಯಿಟ್ಟು ತಡೆದಳು. ಅಪಾಯವಿದೆ ಅಂದರೆ ಅಣ್ಣ ಜಗಳಕ್ಕೆ ನಿಲ್ಲುತ್ತಾನೆ. ಗಾಬರಿಯಾಗಿ ಜನ ಒಟ್ಟಿಗೆ ಎದ್ದರೆ? ಬಾಗಿಲಿಗೆ ಹೋಗಿ ಮೆಲ್ಲಗೆ ಹೇಳಿದಳು: "ಪೆಟ್ಟಿಗೆ ಮುಚ್ತೀವಿ. ಮುಖ ನೋಡೋರು ಒಬ್ಬೊಬ್ಬರಾಗಿ ಬನ್ನಿ."

ಬಂದರು. ಕೆಳಗೆ ಬೀದಿಯಲ್ಲಿ ಮುದುಕನ ದನಿ ಕೇಳುತ್ತಿತ್ತು: "ಆಚೆ ನಿಲ್ಲಿ, ಇನ್ನೂ ಆಚೆ."

ಅಣ್ಣ ಮಾತ್ರ ತುದಿಯಲ್ಲಿ ಕಂಬಿಗೆ ಒರಗಿ ನಿಂತ. "ಗೊತ್ತು ಕಣೇ ನಿನ್ನ ಆಟ. ಸತ್ತ ಮೇಲೂ ಅವರದೇ ದರ್ಬಾರು."

"ಅದಲ್ಲ ಅಣ್ಣಾ. ಹೆಗಲು ಕೊಡೋಕೆ ಒಬ್ಬರು ಕಮ್ಮಿ."

ಒಳಗೆ ಗಂಡಸರು ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು. ಅಣ್ಣ ಅವರನ್ನು ನೋಡಿದ, ಅವಳ ಮುಖ ನೋಡಿದ, ಆಮೇಲೆ ತನ್ನ ಕಾಲಡಿಯ ನೆಲವನ್ನು. ಮೂಗೊರೆಸಿಕೊಂಡು ಒಳಗೆ ಬಂದ.

ಮುಚ್ಚಳ ಹಿಡಿದು ಬಾಗಿದ ಅತ್ತೆ ಹಾಗೇ ನಿಂತುಬಿಟ್ಟರು. ಅಪ್ಪನ ಮುಷ್ಟಿ ಬಿಚ್ಚಿಕೊಂಡಿತ್ತು. ಅಂಗೈಯಲ್ಲಿ ಏನೂ ಇರಲಿಲ್ಲ.

ಮಗಳು ಹೊರಗೆ ನೋಡಿದಳು. ಖಾಲಿ ಕುರ್ಚಿಗಳ ನಡುವೆ ಗೋಲಿ ಬೀದಿ ಕಡೆಗೆ ಉರುಳುತ್ತಿತ್ತು, ಅವಸರವಿಲ್ಲದೆ. ಅಂಚಿಗೆ ಹೋಗಿ ನಿಂತಿತು. ಅದರ ಹಿಂದೆಯೇ, ಅಣ್ಣ ಆಗಷ್ಟೇ ಬಿಟ್ಟುಬಂದ ಜಾಗದತ್ತ, ಒಂದು ಕುರ್ಚಿ ತಾನಾಗಿ ಸರಿಯತೊಡಗಿತು.