ಓರೆ ಬಿದ್ದ ಅಚ್ಚು

ಬಾತುಕೋಳಿಗಳು ಮತ್ತೆ ಗುಡ್ಡ ಹತ್ತುತ್ತಿವೆ, ನೀರಲ್ಲಿ ಈಜಬೇಕಾದವು, ತಾಯಿ ಮುಂದೆ ಮರಿ ಹಿಂದೆ, ಎಡದಿಂದ ಬಲಕ್ಕೆ ಏರುತ್ತಾ ಏರುತ್ತಾ ಬಟ್ಟೆಯ ಅಂಚಿಗೆ ಡಿಕ್ಕಿ ಹೊಡೆಯುತ್ತಿವೆ, ಸ್ಕೇಲು ಇಟ್ಟು ನೋಡಿದಳು, ಒಂದೂವರೆ ಬೆರಳು ಓರೆ, ಈ ಚಿಕ್ಕ ತುಂಡೇ ಹೀಗಾದರೆ ಕೌದಿಯ ನಡುವಿನ ದೊಡ್ಡದರ ಗತಿಯೇನು ದೇವರೇ, ಅಚ್ಚಿನ ಗೆರೆ ಹಿಡಿದು ಕತ್ತರಿಸಿದರೆ ಚಿತ್ರ ನೆಟ್ಟಗಾಗುತ್ತದೆ, ಆದರೆ ನೂಲಿನ ಎಳೆ ಓರೆಯೇ ಉಳಿದು ನಾಲ್ಕು ಒಗೆತಕ್ಕೆ ಕೌದಿ ಸೊಟ್ಟಗಾಗುತ್ತದೆ, ಎಳೆ ಹಿಡಿದು ಕತ್ತರಿಸಿದರೆ ಬಾತುಕೋಳಿಗಳಿಗೆ ಗುಡ್ಡವೇ ಗತಿ — ಅದಕ್ಕೇ ಬಟ್ಟೆ ಒದ್ದೆ ಮಾಡಿ ಅರ್ಧ ಓರೆಯನ್ನು ಮೂಲೆಯಿಂದ ಮೂಲೆಗೆ ಎಳೆದು ತೀರಿಸಬೇಕು, ಗಂಜಿ ಹಾಕಿ ಇಸ್ತ್ರಿ ಒತ್ತಬೇಕು, ಉಳಿದರ್ಧ ಕತ್ತರಿಗೆ, ಆಮೇಲೆ ಹೊಲಿಗೆ ಬಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ. ಮಗಳಿಗೆ ದಿನ ತುಂಬಲು ಇನ್ನು ಮೂರು ವಾರ, ಮಗುವಿಗೆ ಅಂಗಡಿಯಿಂದ ಒಂದು ಕೌದಿ ತಂದರಾಯ್ತಲ್ಲಮ್ಮ ಅಂದಳು ಫೋನಿನಲ್ಲಿ, ತರುತ್ತಾಳಂತೆ, ತನ್ನ ಅಪ್ಪನೇ ಅಚ್ಚು ಹಾಕಿದ ಬಟ್ಟೆ ಮನೆಯಲ್ಲಿ ಸುರುಳಿ ಸುರುಳಿ ಬಿದ್ದಿರುವಾಗ ಅಂಗಡಿಯಿಂದ ತರುತ್ತಾಳಂತೆ.

ಮಗಳ ಅಪ್ಪ ಮಾತ್ರ ಆ ಬಟ್ಟೆಯನ್ನು ಮುಟ್ಟುವುದಿಲ್ಲ, ಅಗೋ, ಕಿಟಕಿಯ ಹತ್ತಿರ ಬೆನ್ನು ಹಾಕಿ ಕೂತಿದ್ದಾರೆ, ಓದಿದ ಪೇಪರನ್ನೇ ಓದುತ್ತಾ, ಮೂವತ್ತೊಂದು ವರ್ಷ ಅಚ್ಚಿನ ಯಂತ್ರದ ಬಾಯಿಗೆ ಬಟ್ಟೆ ಕೊಟ್ಟ ಮನುಷ್ಯ, ಮಿಲ್ಲಿನಲ್ಲಿ ಅವರಿಗೆ ಅಡಿಪಟ್ಟಿ ಅಂತಲೇ ಹೆಸರು, ಮನೆಯಲ್ಲೂ ಕಡಿಮೆಯೇನಲ್ಲ, ಹಾಸಿಗೆಯ ಚಾದರ ಒಂದು ಬೆರಳು ಜಾರಿದ್ದರೆ ನಿದ್ದೆ ಹತ್ತದು, ಮದುವೆಯಾದ ಹೊಸದರಲ್ಲಿ ಒಣಹಾಕಿದ ಸೀರೆಯ ಅಂಚು ಸರಿಮಾಡಿ ಹೋಗುತ್ತಿದ್ದರು, ಇಂಥವರ ಜೊತೆ ಹೇಗಪ್ಪಾ ಬಾಳುವುದು ಅಂದುಕೊಂಡಿದ್ದಳು, ಬಾಳಿದ್ದೂ ಆಯಿತು, ಅದೇ ಚೆಂದ ಅನ್ನಿಸಿದ್ದೂ ಆಯಿತು. ಅಂಥವರು ಕೆಲಸದ ಕೊನೆಯ ದಿನ, ಕೊನೆಯ ಗಂಟೆಯಲ್ಲಿ, ಅರವತ್ತು ಮೀಟರ್ ಓರೆ ಕೊಟ್ಟರು. ಮೇಸ್ತ್ರಿ ಒಳ್ಳೆಯ ಮನಸ್ಸಿನಿಂದಲೇ ಇಟ್ಕೊಳ್ಳಿ ಅಣ್ಣಾ ನೆನಪಿಗೆ ಅಂತ ಆಟೋಗೆ ಹಾಕಿಸಿ ಕಳಿಸಿದ, ಇವರಿಗೆ ಅದು ಕೆನ್ನೆಗೆ ಬಾರಿಸಿದ ಹಾಗಾಯಿತು, ಯಾಕೆ ಹೀಗಾಯ್ತು ಅಂತ ಕೇಳಿದರೆ ಆಯ್ತು ಬಿಡು, ನಾಲ್ಕು ತಿಂಗಳಿಂದ ಅದೇ, ಆಯ್ತು ಬಿಡು. ಅವಳ ಎದೆಯಲ್ಲಿ ಕೂತದ್ದು ಬಟ್ಟೆಯಲ್ಲ, ಬೇರೆ — ಇವರ ಅಣ್ಣನಿಗೂ ಶುರುವಾದದ್ದು ಹೀಗೇ, ದಿನಾ ಮಾಡುವ ಕೆಲಸ ಒಂದು ದಿನ ಕೈತಪ್ಪಿತು, ಆಮೇಲೆ ಮನೆಯ ದಾರಿ ತಪ್ಪಿತು, ಕೊನೆಗೆ ಹೆಂಡತಿಯ ಮುಖ. ಯಾರಿಗೂ ಹೇಳಿಲ್ಲ, ಒಳಗೊಳಗೇ ಪರೀಕ್ಷೆ ಇಡುತ್ತಾಳೆ, ಇವತ್ತು ಯಾವ ವಾರ ರೀ, ಈ ಮಾತ್ರೆ ಮೇಲೆ ತಾರೀಕು ಎಷ್ಟಿದೆ ನೋಡಿ, ಪಾಪ ಎಲ್ಲದಕ್ಕೂ ಸರಿಯಾಗಿ ಉತ್ತರ ಕೊಟ್ಟು, ನಿನಗೆ ಕಣ್ಣು ಮಂದ ಆಗಿದೆ ಕಣೇ ಡಾಕ್ಟರಿಗೆ ತೋರ್ಸು ಅನ್ನುತ್ತಾರೆ, ನಗಬೇಕೋ ಅಳಬೇಕೋ.

ನಡುವಿನ ತುಂಡು, ಮರ, ಮರದ ಕೆಳಗೆ ಕರಡಿ, ಮೇಜಿನ ತುಂಬಾ ಹಾಸಿ ಗಂಜಿ ನೀರು ಚಿಮುಕಿಸಿದಳು, ಇದು ಒಬ್ಬರ ಕೈಗೆ ಬಗ್ಗುವುದಲ್ಲ, ಒಂದು ಮೂಲೆಯನ್ನು ಮೇಜಿಗೆ ಕ್ಲಿಪ್ಪು ಹಾಕಿ ಇನ್ನೊಂದನ್ನು ಎಳೆದಳು, ಕರಡಿ ಇನ್ನಷ್ಟು ಸೊಟ್ಟಗಾಯಿತು, ಅಯ್ಯೋ, ಎಳೆದದ್ದು ಉದ್ದನೆಯ ಮೂಲೆ, ಬೇಕೆಂದೇ ಎಳೆದಳೋ ಕೈ ತಪ್ಪಿತೋ ಅವಳಿಗೇ ಗೊತ್ತಿಲ್ಲ, ಎಳೆಯುತ್ತಲೇ ಇದ್ದಳು, ಪೇಪರು ಮಡಚಿದ ಸದ್ದು, ಕುರ್ಚಿ ಸರಿದ ಸದ್ದು, ಆ ಮೂಲೆ ಅಲ್ಲ ಕಣೇ, ಗಿಡ್ಡ ಆಗಿರೋದನ್ನ ಎಳೀಬೇಕು, ಬಟ್ಟೆ ಹಾಳು ಮಾಡ್ತೀಯ, ಬಿಡು ಇಲ್ಲಿ. ಬಿಟ್ಟಳು, ಅವರು ಮುಟ್ಟಿದರು, ಮೊದಲು ಅಂಗೈಯಿಂದ ಸವರಿದರು, ಮಗುವಿನ ಬೆನ್ನು ಸವರಿದ ಹಾಗೆ, ಎಳೆ ಎತ್ತ ಹೋಗುತ್ತದೆ ಅಂತ ಬೆರಳಲ್ಲೇ ಹುಡುಕಿದರು, ಹ್ಞೂ ಹಿಡ್ಕೋ, ಬಿಗಿಯಾಗಿ, ಇಬ್ಬರೂ ಎದುರುಬದುರು ನಿಂತು ಎಳೆದರು, ಸಡಿಲಿಸಿದರು, ಮತ್ತೆ ಎಳೆದರು, ಕರಡಿ ಮೆಲ್ಲಗೆ ನೆಟ್ಟಗೆ ಕೂರತೊಡಗಿತು, ಈ ಕೈ ಯಾವುದನ್ನೂ ಮರೆತಿಲ್ಲ, ಹಾಗಾದರೆ ಆವತ್ತು ಯಾಕೆ ಅಂತ ಕೇಳಲಿಲ್ಲ, ಕೇಳದೆಯೇ ಅವರು ಬಟ್ಟೆಯನ್ನು ನೋಡುತ್ತಾ ಹೇಳಿದರು.

ಆವತ್ತು ಹುಡುಗರು ಫೋಟೋ ತೆಗಿತೀವಿ ಅಂದ್ರು ಕಣೇ, ಯಂತ್ರದ ಪಕ್ಕ ನಿಲ್ಲಿಸಿ. ಕನ್ನಡಕ ತೆಗೆದು ಜೇಬಲ್ಲಿ ಇಟ್ಕೊಂಡೆ. ಆಮೇಲೆ ಎಲ್ಲರೂ ಕೈ ಕುಲುಕಿದ್ರು, ತಬ್ಬಿಕೊಂಡ್ರು, ಕಣ್ಣು ಮಂಜಾಯ್ತು, ಅದು ಅಳುವಿಂದ ಅಂದ್ಕೊಂಡು ಹಾಗೇ ಬಟ್ಟೆ ಕೊಟ್ಟೆ. ಅಷ್ಟೇನಾ, ಅಯ್ಯೋ ಅಷ್ಟೇನಾ, ನಾಲ್ಕು ತಿಂಗಳು ಹೊತ್ತ ಕಲ್ಲು ಇಳಿಯಿತಲ್ಲ, ಬೈಯಬೇಕು ಅನ್ನಿಸಿತು, ಕನ್ನಡಕ ತೆಗೆದದ್ದಾದರೂ ಯಾಕ್ರೀ, ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ? ನೀನೇ ಹೇಳಿದ್ದೆಯಲ್ಲ, ಅಂದರು, ಕನ್ನಡಕ ಇಲ್ದಿದ್ರೆ ಚೆನ್ನಾಗಿ ಕಾಣ್ತೀರ ಅಂತ. ಹೇಳಿದ್ದಳೇ, ಯಾವಾಗ, ಮಗಳ ಮದುವೆಯಲ್ಲೇ, ಅಲ್ಲ, ಮಗಳಿಗೆ ಸ್ನಾನ ಮಾಡಿಸುವಾಗ ನೀರು ಸಿಡಿದು ಇವರು ತೆಗೆದು ಒರೆಸಿಕೊಂಡರಲ್ಲ ಆಗಲೇ, ಅದೂ ಅಲ್ಲ, ಹುಡುಕಿದಳು, ಎಲ್ಲೂ ಸಿಗಲಿಲ್ಲ, ಇವರು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಾರೋ, ತನಗೆ ನೆನಪೇ ಇಲ್ಲ, ಹೌದು ಹೇಳಿದ್ದೆ ಅಂದಳು, ಅಂದು ಎದುರಿನ ಮೂಲೆ ಹಿಡಿದವರನ್ನು ನೋಡಿದಳು, ಗಂಜಿ ನೀರು ಸಿಡಿದಿತ್ತು, ಕನ್ನಡಕ ತೆಗೆದು ಅಂಗಿಗೆ ಒರೆಸುತ್ತಿದ್ದರು, ಮೂಗಿನ ಎರಡೂ ಪಕ್ಕ ಎರಡು ಗುಳಿ, ಕೆಂಪಗೆ, ಮೂವತ್ತೊಂದು ವರ್ಷ ಒತ್ತಿ ಒತ್ತಿ ಬಿದ್ದದ್ದು, ಇದನ್ನು ತಾನು ನೋಡೇ ಇಲ್ಲವೇ, ಇಸ್ತ್ರಿ ಕಾದಿದೆ, ಹೋಗಬೇಕು, ಇದನ್ನಾದರೂ ಮರೆಯಬಾರದು, ಎರಡು ಗುಳಿ, ಮೂಗಿನ ಎರಡೂ ಪಕ್ಕ, ಎರಡು ಗುಳಿ —